ಗರಗಸ ಏರ್ ತೆಗೆದ ಭಾನುವಾರ

ಅವನಿಗೆ ಗರಗಸ ಅಂತ ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಆದರೆ ಇಟ್ಟವರಿಗೆ ಮನುಷ್ಯರನ್ನು ಅಳೆಯುವುದು ಚೆನ್ನಾಗಿ ಬರುತ್ತಿತ್ತು. ಹೋಗುವಾಗಲೂ ಕೊಯ್ಯುತ್ತಾನೆ, ಬರುವಾಗಲೂ ಕೊಯ್ಯುತ್ತಾನೆ. ಇಪ್ಪತ್ತೆಂಟು ವರ್ಷ ಲಾರಿ ಓಡಿಸಿದವನು. ಅಷ್ಟು ವರ್ಷದಲ್ಲಿ ಒಂದು ದಿನವೂ ಯಾರಿಗೂ ಗುದ್ದಿದವನಲ್ಲ, ಒಂದು ದಿನವೂ ಯಾರನ್ನೂ ಬೈಯದೆ ಮನೆಗೆ ಬಂದವನೂ ಅಲ್ಲ. ಲಾರಿ ಸ್ವಂತದ್ದು, ಬಾಯಿಯೂ ಸ್ವಂತದ್ದು. ಲಾರಿಯ ಸೀಟಿನಲ್ಲಿ ಇನ್ನೊಬ್ಬರು ಕೂರುವುದನ್ನು ಅವನು ಸಹಿಸುತ್ತಿರಲಿಲ್ಲ.

ಊರಲ್ಲಿ ದೊಡ್ಡ ಗಾಡಿಗಳ ಗ್ಯಾರೇಜು ಮೂರಿದ್ದವು. ಮೂರರಿಂದಲೂ ಅವನನ್ನು ಹೊರಗೆ ಹಾಕಿದ್ದರು. ಮೊದಲನೆಯದರಲ್ಲಿ ಮೆಕ್ಯಾನಿಕ್ಕಿನ ಬೆನ್ನ ಹಿಂದೆ ನಿಂತು, ಅವನು ಒಂದೊಂದು ನಟ್ಟು ಬಿಗಿದಾಗಲೂ ಇನ್ನರ್ಧ ಸುತ್ತು, ಇನ್ನರ್ಧ ಸುತ್ತು ಅನ್ನುತ್ತಿದ್ದ. ಹನ್ನೊಂದನೆಯ ನಟ್ಟಿಗೆ ಆ ಮೆಕ್ಯಾನಿಕ್ಕು ಸ್ಪ್ಯಾನರನ್ನು ಇವನ ಕೈಗೇ ಕೊಟ್ಟು ಊಟಕ್ಕೆ ಹೋದವನು ಸಂಜೆಯಾದರೂ ಬರಲಿಲ್ಲ. ಎರಡನೆಯದರಲ್ಲಿ ಹೊಸ ಫಿಲ್ಟರು ಹಾಕಿದ್ದೇವೆ ಅಂದರೆ ನಂಬದೆ, ಹಾಕಿದ್ದನ್ನು ಬಿಚ್ಚಿಸಿ ನೋಡಿದ. ಹೊಸದೇ ಇತ್ತು. ಅಷ್ಟು ಸಣ್ಣ ದನಿಯಲ್ಲಿ ಹೇಳಿದರೆ ಯಾರು ನಂಬುತ್ತಾರೆ ಅಂತ ಅದಕ್ಕೂ ಬೈದ. ಮೂರನೆಯ ಗ್ಯಾರೇಜಿನ ಮಾಲೀಕ ಸಾಧು ಮನುಷ್ಯ, ಯಾರ ಹತ್ತಿರವೂ ದನಿ ಏರಿಸಿದವನಲ್ಲ. ಅವನು, ನಿಮ್ಮ ಗಾಡಿ ಮೇಲೆ ನನಗೇನೂ ಸಿಟ್ಟಿಲ್ಲ, ಬೇಕಾದರೆ ಇನ್ನು ಮೇಲೆ ಗಾಡಿಯನ್ನು ಮಾತ್ರ ಕಳಿಸಿ ಅಂದ. ಗಾಡಿ ತಾನಾಗಿ ನಡೆದುಕೊಂಡು ಬರುವುದಿಲ್ಲವಲ್ಲ. ಅಂದಿನಿಂದ ಒಂಬತ್ತು ವರ್ಷ, ಎಂಥ ರಿಪೇರಿಯಾದರೂ ಮನೆ ಪಕ್ಕದ ಖಾಲಿ ಜಾಗದಲ್ಲೇ, ಅವನದೇ ಕೈಯಲ್ಲಿ.

ಕೆಲಸ ಮಾತ್ರ ಚೊಕ್ಕಟ. ತೊಂದರೆಯೇ ಅದು. ಕೆಲಸ ಬಾರದವನು ಬೈದರೆ ನಕ್ಕು ಸುಮ್ಮನಾಗಬಹುದು, ಬಲ್ಲವನು ಬೈದರೆ ಮೈಯೆಲ್ಲ ಉರಿಯುತ್ತದೆ.

ಇಂಥವನಿಗೆ ಸಿಕ್ಕಿದ ಅಳಿಯ ವೇಬ್ರಿಡ್ಜಿನ ಗುಮಾಸ್ತ. ಲಾರಿಗಳನ್ನು ಲೋಡಿನ ಸಮೇತ ತೂಗಿ, ಕಿಟಕಿಯಿಂದ ಚೀಟಿ ಕೊಡುವ ಕೆಲಸ. ದಿನಕ್ಕೆ ಇನ್ನೂರು ಸಲ ಒಂದು ಅಂಕಿ ಹೇಳಿ ಬಾಯಿ ಮುಚ್ಚುವುದು ಅಭ್ಯಾಸವಾಗಿ, ಮನೆಯಲ್ಲೂ ಅಷ್ಟೇ ಮಾತಾಡುತ್ತಿದ್ದ. ಎರಡು ವಾರದ ಹಿಂದೆ ಮಾವನ ಲಾರಿ ಅವನ ಕಿಟಕಿಗೆ ಬಂತು. ಮಿತಿಗಿಂತ ನಾನೂರು ಕಿಲೋ ಹೆಚ್ಚಿತ್ತು. ಹೆಣ್ಣು ಕೊಟ್ಟ ಮಾವ ಅಂತ ಮುಖ ನೋಡಬಹುದಿತ್ತು. ಅವನು ಅಂಕಿ ನೋಡಿದ, ಇದ್ದದ್ದನ್ನು ಇದ್ದ ಹಾಗೆ ಬರೆದ. ಫ್ಯಾಕ್ಟರಿ ಗೇಟಿನಲ್ಲಿ ಲೋಡು ವಾಪಸಾಯಿತು. ಗರಗಸ ತಿರುಗಿ ಬಂದು, ಸಾಲಿನಲ್ಲಿ ನಿಂತಿದ್ದ ಮೂವತ್ತು ಲಾರಿಯವರ ಎದುರು ಅಳಿಯನ ವಂಶವನ್ನೆಲ್ಲ ಜಾಲಾಡಿದ. ಅಳಿಯ ಪೂರ್ತಿ ಕೇಳಿಸಿಕೊಂಡು, ಮುಂದಿನ ಗಾಡಿ ಅಂದ. ಬೈಗುಳಕ್ಕೆ ಬೈಗುಳ ಬಂದಿದ್ದರೆ ಗರಗಸ ಅಲ್ಲಿಗೇ ಮರೆಯುತ್ತಿದ್ದನೋ ಏನೋ. ಆ ‘ಮುಂದಿನ ಗಾಡಿ’ ಅವನ ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು.

ಮಗಳು ಅಪ್ಪನ ಪರ ವಹಿಸಿ ಗಂಡನ ಮೇಲೆ ಬಿದ್ದಳು. ಮೂರು ದಿನ ಜಗಳ ನಡೆಯಿತು. ಜಗಳ ಅನ್ನುವುದೂ ತಪ್ಪು, ನಡೆದದ್ದು ಒಂದೇ ಕಡೆಯಿಂದ. ನಾಲ್ಕನೆಯ ದಿನ ಒಂದು ಚೀಲ ಹಿಡಿದುಕೊಂಡು ತವರಿಗೆ ಬಂದಳು. ಬೆಂಕಿಗೆ ತುಪ್ಪ ಸುರಿಯಲು ಅಪ್ಪ ಇದ್ದೇ ಇದ್ದ. ಒಳ್ಳೆಯದೇ ಆಯಿತು, ಅಂಥ ಮೂಗನ ಮನೆಯಲ್ಲಿ ನನ್ನ ಮಗಳು ಯಾಕಿರಬೇಕು ಅಂದ. ವಾರ ಕಳೆದ ಮೇಲೆ ಅಳಿಯನ ಫೋನು ಬಂತು, ಹೆಂಡತಿಗಲ್ಲ, ಮಾವನಿಗಂತೂ ಅಲ್ಲ, ಅತ್ತೆಗೆ. ತಿಂಗಳ ಕೊನೆಗೆ ಮನೆ ಖಾಲಿ ಮಾಡಿ ಒಂದು ಕೋಣೆಗೆ ಹೋಗುತ್ತಿದ್ದೇನೆ, ಅವಳ ಸಾಮಾನನ್ನು ಭಾನುವಾರ ಬಂದು ತೆಗೆದುಕೊಂಡು ಹೋಗಲಿ, ಇಲ್ಲದಿದ್ದರೆ ನಾನೇ ಬಾಡಿಗೆ ಗಾಡಿಯಲ್ಲಿ ಕಳಿಸುತ್ತೇನೆ ಅಂದನಂತೆ. ಬೀರು, ಮಂಚ, ಹೊಲಿಗೆ ಯಂತ್ರ, ಎರಡು ಪೆಟ್ಟಿಗೆ. ಅವು ಆ ಮನೆಯಿಂದ ಹೊರಬಿದ್ದವೆಂದರೆ ಆ ಸಂಸಾರ ಮುಗಿಯಿತು ಅಂತಲೇ ಲೆಕ್ಕ.

ಬಾಡಿಗೆ ಗಾಡಿ ಅನ್ನುವ ಮಾತು ಗರಗಸನ ನೆತ್ತಿಗೇರಿತು. ಮನೆ ಮುಂದೆ ಆನೆಯಂಥ ಲಾರಿ ಇಟ್ಟುಕೊಂಡು ಮಗಳ ಬೀರು ಕಂಡವರ ಗಾಡಿಯಲ್ಲಿ ಬರಬೇಕೆ? ಭಾನುವಾರ ತಾನೇ ಹೋಗಿ, ಅಳಿಯನ ಬಾಗಿಲಿಗೇ ಲಾರಿ ತಂದು ನಿಲ್ಲಿಸಿ, ಓಣಿಯವರೆಲ್ಲ ನೋಡುವ ಹಾಗೆ ಸಾಮಾನು ಹೇರಿಕೊಂಡು ಬರುತ್ತೇನೆ ಅಂತ ಶಪಥ ಮಾಡಿದ. ಮಗಳು ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡು ಕೂರುವ ಜಾತಿಯಲ್ಲ ಅವಳು. ಅದನ್ನಾದರೂ ಅಪ್ಪ ಗಮನಿಸಬಹುದಿತ್ತು. ಗಮನಿಸಲಿಲ್ಲ.

ಶನಿವಾರ ಸಂಜೆ ಲಾರಿಯ ಸ್ಟೇರಿಂಗ್ ಕೈಕೊಟ್ಟಿತು. ಪವರ್ ಸ್ಟೇರಿಂಗಿನ ಆಯಿಲ್ ಡಬ್ಬಿಯಿಂದ ಪಂಪಿಗೆ ಹೋಗುವ ರಬ್ಬರ್ ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕು. ಆಯಿಲ್ ಒಂದು ತೊಟ್ಟೂ ಹೊರಗೆ ಬರುತ್ತಿರಲಿಲ್ಲ, ಗಾಳಿ ಮಾತ್ರ ಒಳಗೆ ಹೋಗುತ್ತಿತ್ತು. ತಿರುವಿನಲ್ಲಿ ಸ್ಟೇರಿಂಗ್ ಒಮ್ಮೆ ಕಲ್ಲಿನ ಹಾಗೆ ಗಟ್ಟಿ, ಮರುಗಳಿಗೆಯಲ್ಲಿ ಸಡಿಲ. ಪಂಪು ಕರು ಕಳೆದುಕೊಂಡ ಎಮ್ಮೆಯ ಹಾಗೆ ಗೋಳಿಡುತ್ತಿತ್ತು. ಅಂಥ ಲಾರಿಯನ್ನು ಅಳಿಯನ ಇಕ್ಕಟ್ಟಿನ ಓಣಿಗೆ ನುಗ್ಗಿಸಿದರೆ ಯಾರದಾದರೂ ಗೋಡೆ ಹೋಗುವುದು ಖಂಡಿತ. ಪೈಪು ಬದಲಿಸುವುದು ಗರಗಸನಿಗೆ ಎಡಗೈ ಕೆಲಸ. ಹೊಸದು ಹಾಕಿ, ಕ್ಲಿಪ್ಪು ಬಿಗಿದು, ಆಯಿಲ್ ತುಂಬಿದ. ಆಮೇಲೆ ಮಾಡಬಾರದ್ದನ್ನು ಮಾಡಿದ. ಒಳಗಿನ ಗಾಳಿ ತೆಗೆಯದೆ ಎಂಜಿನ್ ಸ್ಟಾರ್ಟ್ ಮಾಡಿದ. ಗೊತ್ತಿಲ್ಲದೆ ಮಾಡಿದ್ದಲ್ಲ, ಆ ಹೊತ್ತಿಗೆ ಅಳಿಯನ ನೆನಪಾಗಿ ತಲೆಗಿಂತ ಕೈ ಮುಂದೆ ಹೋಗಿತ್ತು. ಪಂಪು ಗಾಳಿಯನ್ನೂ ಆಯಿಲನ್ನೂ ಸೇರಿಸಿ ಕಡೆದು ಡಬ್ಬಿಯ ತುಂಬ ನೊರೆ ಎಬ್ಬಿಸಿತು.

ಏರ್ ತೆಗೆಯುವ ಕ್ರಮ ಅವನಿಗೆ ಬಾಯಿಪಾಠ. ಮುಂದಿನ ಎರಡೂ ಚಕ್ರ ನೆಲ ಬಿಡುವಷ್ಟು ಜಾಕಿ ಎತ್ತಿ, ಅಡಿಗೆ ಮರದ ದಿಮ್ಮಿ ಕೊಡಬೇಕು. ಎಂಜಿನ್ ಮುಟ್ಟಬಾರದು. ಒಬ್ಬ ಸೀಟಿನಲ್ಲಿ ಕೂತು ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಿರುಗಿಸುತ್ತಿರಬೇಕು. ಇನ್ನೊಬ್ಬ ಬಾನೆಟ್ ಎತ್ತಿ ಡಬ್ಬಿಯ ಮೇಲೆ ಕಣ್ಣಿಟ್ಟಿದ್ದು, ಗುಳ್ಳೆ ಎದ್ದು ಆಯಿಲ್ ಇಳಿದ ಹಾಗೆಲ್ಲ ಮೇಲಿಂದ ಹಾಕುತ್ತಿರಬೇಕು. ಡಬ್ಬಿ ಬತ್ತಿತೋ, ಗಾಳಿ ಮತ್ತೆ ಒಳಗೆ ಹೋಯಿತು, ಮತ್ತೆ ಮೊದಲಿಂದ ಶುರು. ಸುಲಭದ ಕೆಲಸವೇ. ಇಬ್ಬರು ಬೇಕು, ಅಷ್ಟೇ. ಆ ಎರಡನೆಯವನು ಗರಗಸನಿಗೆ ಎಲ್ಲಿಂದ ಬರಬೇಕು?

ಹೆಂಡತಿ ಏಳು ವರ್ಷದ ಹಿಂದೆ ಒಮ್ಮೆ ಇದೇ ಕೆಲಸಕ್ಕೆ ಕೂತಿದ್ದಳು. ನಿಧಾನ ತಿರುಗಿಸಿದರೆ ಕೈಯಲ್ಲಿ ಜೀವ ಇಲ್ಲವಾ ಅಂದ, ಜೋರಾಗಿ ತಿರುಗಿಸಿದರೆ ಮುರಿದು ಹಾಕುತ್ತೀಯಾ ಅಂದ. ಇನ್ನು ಈ ಜನ್ಮದಲ್ಲಿ ನಿಮ್ಮ ಸ್ಟೇರಿಂಗ್ ಮುಟ್ಟುವುದಿಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿ ಇಳಿದವಳು, ಮುಟ್ಟಿಲ್ಲ. ಭಾನುವಾರ ಬೆಳಿಗ್ಗೆ ಗರಗಸ ಅಡುಗೆಮನೆ ಬಾಗಿಲಲ್ಲಿ ನಿಂತು ಎರಡು ಸಲ ಕೆಮ್ಮಿದ. ಅವಳು ಉಜ್ಜಿದ ಪಾತ್ರೆಯನ್ನೇ ಇನ್ನೊಮ್ಮೆ ಉಜ್ಜಿದಳು.

ಮಗಳು ತಾನಾಗಿ ಬಂದು ಕೂತಳು. ಎತ್ತಿದ ಬಾನೆಟ್ಟು ಅಡ್ಡ ಇರುವುದರಿಂದ ಒಬ್ಬರಿಗೊಬ್ಬರ ಮುಖ ಕಾಣುವುದಿಲ್ಲ. ಅದಕ್ಕೆ ಗರಗಸನ ಪದ್ಧತಿ ಒಂದಿತ್ತು. ಸ್ಪ್ಯಾನರಿನಿಂದ ಮಡ್‌ಗಾರ್ಡಿಗೆ ಒಂದು ಬಡಿತ ಬಿದ್ದರೆ ಬಲಕ್ಕೆ, ಎರಡಕ್ಕೆ ಎಡಕ್ಕೆ, ಮೂರಕ್ಕೆ ನಿಲ್ಲಿಸು. ಒಂದಕ್ಕೆ ಎಡ ಇರಬೇಕು, ಯಾರನ್ನು ಬೇಕಾದರೂ ಕೇಳು ಅಂದಳು ಮಗಳು. ನನ್ನ ಲಾರಿ, ನನ್ನ ಲೆಕ್ಕ ಅಂದ ಅಪ್ಪ. ಲೆಕ್ಕ ತಪ್ಪಿದ್ದರೆ ಲಾರಿ ಯಾರದಾದರೇನು ಅಂದಳು ಅವಳು. ಮೂರು ನಿಮಿಷ ತುಂಬುವ ಮೊದಲೇ ಕೆಳಗಿಳಿದು ಬಾಗಿಲನ್ನು ಎಳೆದು ಹಾಕಿದ ರಭಸಕ್ಕೆ ಇಡೀ ಲಾರಿ ಒಮ್ಮೆ ನಡುಗಿತು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅನ್ನುತ್ತಾರೆ. ಈ ಮನೆಯಲ್ಲಿ ನೂಲು ಮಾತ್ರ ಅಪ್ಪನದು.

ಎದುರುಮನೆಯ ಪೇಂಟರು ಗೇಟಿನ ಹತ್ತಿರ ನಿಂತು ಹಲ್ಲುಜ್ಜುತ್ತ ಎಲ್ಲ ನೋಡುತ್ತಿದ್ದ. ಕರೆದರೆ ಬರುತ್ತಿದ್ದನೇನೋ. ಆದರೆ ಹೋದ ವರ್ಷ ಅವನು ಬಳಿದ ಗೋಡೆಯನ್ನು ಗರಗಸ ಬೀದಿಯಲ್ಲಿ ನಿಂತು, ಹಸು ನೆಕ್ಕಿದ ಹಾಗಿದೆ ಅಂದಿದ್ದ. ಮೂಲೆಯ ಇಸ್ತ್ರಿ ಅಂಗಡಿಯವನದೂ ಅದೇ ಕತೆ. ಹೀಗೆ ಒಂದೊಂದೇ ಬಾಗಿಲಿಗೆ ತಾನೇ ಮೊಳೆ ಹೊಡೆದುಕೊಂಡು ಬಂದವನು, ಈಗ ಯಾರೂ ಉಪಕಾರಕ್ಕೆ ಬರುವುದಿಲ್ಲ, ಕಾಲ ಕೆಟ್ಟಿತು ಅಂತ ಗೊಣಗಿದ.

ಒಬ್ಬನೇ ಮಾಡಲು ಹೊರಟ. ಸ್ಟೇರಿಂಗ್ ಒಂದು ತುದಿಗೆ ತಿರುಗಿಸಿ, ಕೆಳಗೆ ಹಾರಿ, ಸುತ್ತಿ ಬಂದು ಡಬ್ಬಿ ನೋಡುವಷ್ಟರಲ್ಲಿ ಅದು ಬತ್ತಿ ಗೊರಗೊರ ಅನ್ನುತ್ತಿತ್ತು. ತುಂಬಿಸಿ ಮತ್ತೆ ಹತ್ತಿದ. ಮತ್ತೆ ಬತ್ತಿತು. ಹಾಗೆ ಮೂರು ಸಲ. ನಾಲ್ಕನೆಯ ಸಲಕ್ಕೆ ಗಡ್ಡ ಮಾಡಿಕೊಳ್ಳುವ ಕನ್ನಡಿ ತಂದು ಸೀಟಿನಿಂದಲೇ ಡಬ್ಬಿ ಕಾಣಲಿ ಅಂತ ಬಾನೆಟ್ಟಿನ ಬದಿಗೆ ತಂತಿಯಲ್ಲಿ ಕಟ್ಟಿದ. ಹತ್ತಿ ಕೂತು ನೋಡಿದರೆ ಕನ್ನಡಿಯಲ್ಲಿ ಡಬ್ಬಿ ಇರಲಿಲ್ಲ, ಬೆವರಿಳಿಯುವ ಅವನದೇ ಮೂತಿ ಇತ್ತು. ಅದನ್ನೂ ಬೈದ.

ಹನ್ನೊಂದರ ಹೊತ್ತಿಗೆ ಗೇಟಿನಲ್ಲಿ ಸ್ಕೂಟರ್ ನಿಂತಿತು. ಇಳಿದವನು ಅಳಿಯ.

ಗರಗಸ ಮುಖ ಗಂಟಿಕ್ಕಿಕೊಂಡು ಬಾನೆಟ್ಟಿನ ಹಿಂದೆ ಮರೆಯಾದ. ಆ ಮನುಷ್ಯನ ಜೊತೆ ಒಂದಕ್ಷರ ಮಾತಾಡುವುದಿಲ್ಲ ಅಂತ ಮನೆಯವರೆಲ್ಲರ ಎದುರು ಹೇಳಿಯಾಗಿತ್ತು. ಅಳಿಯನೂ ಮಾತಾಡಿಸಲಿಲ್ಲ. ಎತ್ತಿದ ಚಕ್ರ ನೋಡಿದ, ನೆಲದ ಮೇಲಿದ್ದ ಆಯಿಲ್ ಡಬ್ಬ ನೋಡಿದ, ಜಗಲಿಯಲ್ಲಿ ನಿಂತಿದ್ದ ಅತ್ತೆಯ ಹತ್ತಿರ ಏನೋ ಕೇಳಿದ. ಅವಳು ಬಲಕ್ಕೆ ಒಂದು, ಎಡಕ್ಕೆ ಎರಡು, ನಿಲ್ಲಿಸಲು ಮೂರು ಅಂತ ಬೆರಳು ಮಡಿಸಿ ತೋರಿಸಿದಳು. ಅವನು ಅಂಗಿಯ ತೋಳು ಮಡಚಿ ಕ್ಯಾಬಿನ್ನಿಗೆ ಹತ್ತಿ ಕೂತ. ಇಳಿ ಅನ್ನಬೇಕೆಂದರೆ ಬಾಯಿ ಬಿಡಬೇಕು. ಗರಗಸ ಹಲ್ಲು ಕಚ್ಚಿ, ಸ್ಪ್ಯಾನರ್ ಎತ್ತಿ, ಒಂದು ಬಡಿದ.

ಸ್ಟೇರಿಂಗ್ ಬಲಕ್ಕೆ ತಿರುಗಿತು. ನಿಧಾನವಾಗಿ, ಎಲ್ಲೂ ಎಳೆದಾಡದೆ ತಿರುಗಿತು. ತುದಿ ಮುಟ್ಟಿದ ತಕ್ಷಣ ಕೂದಲಷ್ಟು ಹಿಂದೆ ಬಂದು ನಿಂತಿತು. ತುದಿಯಲ್ಲೇ ಅದುಮಿ ಹಿಡಿಯಬಾರದು ಅನ್ನುವುದು ಎಷ್ಟೋ ಡ್ರೈವರುಗಳಿಗೇ ಗೊತ್ತಿರುವುದಿಲ್ಲ. ಗರಗಸ ಎರಡು ಬಡಿದ. ಎಡಕ್ಕೂ ಹಾಗೆಯೇ. ಡಬ್ಬಿಯಲ್ಲಿ ಗುಳ್ಳೆಗಳು ಬುಳುಬುಳು ಎದ್ದವು, ಆಯಿಲ್ ಇಳಿಯಿತು, ಇವನು ಹಾಕಿದ. ಆರು ಸಲ, ಎಂಟು ಸಲ, ಹತ್ತು ಸಲ. ತಪ್ಪು ಹುಡುಕಲು ಗರಗಸ ಕಿವಿ ಕಣ್ಣು ಎರಡನ್ನೂ ತೆರೆದಿಟ್ಟ. ತಪ್ಪು ಸಿಗಲಿಲ್ಲ. ಸಿಗದೆ ಇದ್ದದ್ದಕ್ಕೆ ಇನ್ನೂ ಸಿಟ್ಟು ಬಂತು. ಬೇಕೆಂತಲೇ ಒಂದರ ಹಿಂದೆ ಒಂದು ಬಡಿತ ಕೊಟ್ಟು ಸತಾಯಿಸಿದ. ಅಳಿಯ ಪ್ರತಿಯೊಂದು ಬಡಿತಕ್ಕೂ ಸರಿಯಾಗಿ ತಿರುಗಿಸಿದ.

ನಿನ್ನೆಯ ನೊರೆ ಅಡಗಲು ಸ್ವಲ್ಪ ಹೊತ್ತು ಹಾಗೇ ಬಿಡಬೇಕಿತ್ತು. ಮೂರು ಬಡಿದು ನಿಲ್ಲಿಸಿದ. ಅತ್ತೆ ಚಹಾ ತಂದು ಮೊದಲು ಅಳಿಯನಿಗೆ ಕೊಟ್ಟು, ಆಮೇಲೆ ಗಂಡನ ಲೋಟವನ್ನು ಅವನ ಕೈಗೆ ಕೊಡದೆ ದಿಮ್ಮಿಯ ಮೇಲಿಟ್ಟು ಹೋದಳು. ಅವನು ಸೀಟಿನಲ್ಲಿ, ಇವನು ನೆಲದ ಮೇಲೆ, ನಡುವೆ ಬಾನೆಟ್ಟು. ಅಡುಗೆಮನೆಯಲ್ಲಿ ಮಗಳು ಪಾತ್ರೆಗಳನ್ನು ಒಂದರ ಮೇಲೊಂದು ಕುಕ್ಕುವುದು ಕೇಳಿಸುತ್ತಿತ್ತು. ಗರಗಸನಿಗೆ ಇದ್ದಕ್ಕಿದ್ದ ಹಾಗೆ ಒಂದು ವಿಷಯ ಹೊಳೆಯಿತು. ಇಷ್ಟು ವರ್ಷದಲ್ಲಿ ಆ ಸೀಟಿನಲ್ಲಿ ಇನ್ನೊಬ್ಬರು ಒಂದು ಗಂಟೆ ಕೂತಿದ್ದು ಇದೇ ಮೊದಲು, ಆದರೂ ಕೆಲಸ ಕೆಟ್ಟಿರಲಿಲ್ಲ.

ಆ ಯೋಚನೆ ಬೆಳೆಯಿತು. ಇವನು ಯಾಕೆ ಬಂದ? ಬಾ ಅಂತ ಯಾರೂ ಕರೆದಿರಲಿಲ್ಲ. ಬೈಸಿಕೊಂಡ ಮೇಲೂ ಬಂದು, ತನ್ನ ಮನೆಯ ಸಾಮಾನು ಹೊರುವ ಲಾರಿಯನ್ನೇ ಸರಿ ಮಾಡುತ್ತ ಕೂತಿದ್ದಾನೆಂದರೆ, ಇದು ಅವನು ಕ್ಷಮೆ ಕೇಳುವ ರೀತಿ. ಬಾಯಿಲ್ಲದವನು ಕೈಯಲ್ಲಿ ಕೇಳುತ್ತಿದ್ದಾನೆ. ಗರಗಸನಿಗೆ ಖುಷಿಯಾಯಿತು. ಗೆದ್ದ ಖುಷಿ ಸ್ವಲ್ಪ ಇತ್ತು, ಸುಳ್ಳೇಕೆ, ಆದರೆ ಅದಕ್ಕಿಂತ ಹೆಚ್ಚಾಗಿ ಇನ್ನೊಂದು ಥರದ ಖುಷಿ. ಹುಡುಗ ಅಷ್ಟೇನೂ ಕೆಟ್ಟವನಲ್ಲ ಅನ್ನಿಸಿತು.

ನೊರೆ ಅಡಗಿತ್ತು. ಮತ್ತೆ ಹತ್ತು ಸಲ ತಿರುಗಿಸಿದಾಗ ಒಂದು ಗುಳ್ಳೆಯೂ ಏಳಲಿಲ್ಲ. ಗರಗಸ ಬಾನೆಟ್ಟಿನ ಪಕ್ಕದಿಂದ ತಲೆ ಹೊರಗೆ ಹಾಕಿ, ಸ್ಟಾರ್ಟ್ ಮಾಡು ಅಂತ ಬೆರಳು ತಿರುವಿ ಸನ್ನೆ ಮಾಡಿದ. ಎಂಜಿನ್ ಎದ್ದಿತು. ಪಂಪಿನ ಗೋಳು ಇರಲಿಲ್ಲ. ಸ್ಟೇರಿಂಗ್ ಎರಡು ಬೆರಳಿಗೆ ತಿರುಗುತ್ತಿತ್ತು, ಡಬ್ಬಿಯಲ್ಲಿ ಆಯಿಲ್ ಕನ್ನಡಿಯಷ್ಟು ಸ್ವಚ್ಛವಾಗಿ ನಿಂತಿತ್ತು. ಎಂಜಿನ್ ಆರಿಸಿ ಅಳಿಯ ಕೆಳಗಿಳಿದ. ಗರಗಸ ಕೈ ಒರೆಸಿಕೊಂಡು, ಸೋತ ಹಾಗೆ ಕಾಣಬಾರದಲ್ಲ ಅಂತ ಲಾರಿಯ ಕಡೆ ನೋಡುತ್ತ, ಹದಿನೈದು ದಿನದ ಮೇಲೆ ಅವನ ಜೊತೆ ಮೊದಲ ಮಾತಾಡಿದ.

“ಆಯ್ತು, ಸಾಕು ಬಿಡು. ಒಳಗೆ ಹೋಗಿ ಅವಳನ್ನ ಕರ್ಕೊಂಡು ಹೊರಡು. ಲಾರಿ ಗೀರಿ ಏನೂ ಬೇಡ.”

ಅಳಿಯ ಮಡಚಿದ ತೋಳನ್ನು ಬಿಡಿಸುತ್ತಿದ್ದ. ತಲೆಯೆತ್ತಲಿಲ್ಲ.

“ನಾನು ಕರ್ಕೊಂಡು ಹೋಗೋಕೆ ಬಂದಿಲ್ಲ ಮಾವ. ಲಾರಿ ಕೆಟ್ಟಿದೆ ಅಂತ ಅತ್ತೆ ಫೋನಲ್ಲಿ ಹೇಳಿದ್ರು. ಇವತ್ತು ಬರುತ್ತೋ ಇಲ್ವೋ ಅಂತ ನೋಡೋಕೆ ಬಂದೆ.”

ಗರಗಸನಿಗೆ ಅರ್ಥವಾಗಲಿಲ್ಲ. ಬರದೆ ಇದ್ದರೆ ನಿನಗೇನು ನಷ್ಟ ಅಂತ ಕೇಳಿದ.

“ಇವತ್ತೇ ಮುಗಿದುಹೋಗ್ಲಿ ಅಂತ. ನಾಳೆ ಅಂದ್ರೆ ನನಗೆ ಧೈರ್ಯ ಸಾಲಲ್ಲ. ಅವಳು ಬಂದು ಬಾಗಿಲಲ್ಲಿ ನಿಂತ್ರೆ ಒಳಗೆ ಬಾ ಅಂದುಬಿಡ್ತೀನಿ. ಆಮೇಲೆ ಮತ್ತೆ ಅದೇ.”

ನನ್ನ ಮಗಳು ಏನು ತಪ್ಪು ಮಾಡಿದ್ದಾಳೆ ಹೇಳು ಅಂತ ಗರಗಸನ ದನಿ ಏರಿತು. ಪೇಂಟರು ಗೇಟಿನಿಂದ ಒಂದು ಹೆಜ್ಜೆ ಮುಂದೆ ಬಂದ. ಅಳಿಯ, ಒಂದೇ ಉಸಿರಿಗೆ ಅಷ್ಟು ಮಾತು ಎಂದೂ ಆಡದವನು, ಚೀಟಿ ಓದುವ ಹಾಗೆ ಏರಿಳಿತವಿಲ್ಲದೆ ಹೇಳಿದ.

“ಅವಳು ಕೆಟ್ಟವಳಲ್ಲ. ಆದ್ರೆ ಬಾಯಿ ಬಿಟ್ರೆ ನಿಮ್ಮ ದನಿ ಕೇಳ್ಸುತ್ತೆ. ಹಗಲು ಕಿಟಕಿ ಮುಂದೆ ನೀವು, ಮನೆಗೆ ಹೋದ್ರೆ ಅಲ್ಲೂ ನೀವು. ಇವತ್ತು ಎರಡು ಗಂಟೆ ನಿಮ್ಮ ಜೊತೆ ಇದ್ದೆ, ನೀವು ಒಂದು ಮಾತೂ ಆಡ್ಲಿಲ್ಲ. ಮದುವೆಯಾದ್ಮೇಲೆ ಈ ಮನೇಲಿ ನಾನು ಇಷ್ಟು ನೆಮ್ಮದಿಯಾಗಿ ಕೂತಿದ್ದು ಇದೇ ಮೊದಲು ಮಾವ.”

ಗರಗಸನ ನಾಲಿಗೆಯಲ್ಲಿ ಹತ್ತು ಉತ್ತರ ಸಿದ್ಧವಾಗಿದ್ದವು. ಒಂದನ್ನು ಆರಿಸುವಷ್ಟರಲ್ಲಿ ಹಿಂಬಾಗಿಲಲ್ಲಿ ಮಗಳು ನಿಂತಿರುವುದು ಕಾಣಿಸಿತು. ಎಲ್ಲ ಕೇಳಿಸಿಕೊಂಡಿದ್ದಳು. ಅವಳು ಈಗ ಕೂಗುತ್ತಾಳೆ, ಗಂಡನ ನೀರಿಳಿಸುತ್ತಾಳೆ ಅಂತ ಅಪ್ಪ ಕಾದ. ಅವಳ ಬಾಯಿ ತೆರೆಯಿತು, ಹಾಗೇ ಮುಚ್ಚಿತು. ಹುಟ್ಟಿದಾಗಿನಿಂದ ಆ ಮುಖದಲ್ಲಿ ಅವನು ಸಿಟ್ಟು ನೋಡಿದ್ದ, ಹಠ ನೋಡಿದ್ದ. ಹೆದರಿಕೆ ನೋಡಿರಲಿಲ್ಲ. ಗಂಡ ಬಂದು ಕರೆಯಲಿ ಅಂತ ಇಷ್ಟು ದಿನ ಅವಳು ಬಾಯಿ ಮುಚ್ಚಿಕೊಂಡು ಕಾದಿದ್ದಳು ಅನ್ನುವುದು ಅವನಿಗೆ ಆಗ ತಿಳಿಯಿತು. ತಾನು ಗೋಡೆ ತಾಗದ ಹಾಗೆ ಲಾರಿ ಸರಿ ಮಾಡುತ್ತಿದ್ದದ್ದು ಅವಳ ಸಂಸಾರವನ್ನು ಬೀದಿಗೆ ಎಳೆದು ತರುವುದಕ್ಕೆ ಅನ್ನುವುದೂ ತಿಳಿಯಿತು.

ಅವನು ಸ್ಕ್ರೂಡ್ರೈವರ್ ಎತ್ತಿಕೊಂಡ. ಬಾನೆಟ್ಟಿನ ಕೆಳಗೆ ಬಗ್ಗಿ, ತಾನೇ ಬಿಗಿದಿದ್ದ ಕ್ಲಿಪ್ಪನ್ನು ಸಡಿಲಿಸಿ, ಹೊಸ ಪೈಪನ್ನು ಡಬ್ಬಿಯಿಂದ ಎಳೆದು ಬಿಸಾಡಿದ. ಆಯಿಲ್ ಭಳಭಳನೆ ನೆಲಕ್ಕೆ ಸುರಿಯಿತು.

“ಪೈಪು ಸರಿಯಾಗಿ ಕೂತಿಲ್ಲ. ಇವತ್ತು ಆಗಲ್ಲ,” ಅಂದ.

ಅಳಿಯ ಹರಿಯುವ ಆಯಿಲನ್ನೂ ಮಾವನನ್ನೂ ನೋಡಿದ. ಸರಿಯಾಗೇ ಇತ್ತಲ್ಲ ಅಂತ ಮೆಲ್ಲಗೆ ಅಂದ.

“ಇರಲಿಲ್ಲ ಅಂದ್ರೆ ಇರಲಿಲ್ಲ. ಲಾರಿ ವಿಷ್ಯ ನನಗೆ ಹೇಳಿಕೊಡ್ತೀಯಾ? ಇನ್ನು ಮೊದಲಿಂದ ಏರ್ ತೆಗೀಬೇಕು.” ಬೆನ್ನು ತೋರಿಸಿಕೊಂಡೇ ಉಳಿದದ್ದನ್ನು ಹೇಳಿದ. “ನನ್ನೊಬ್ಬನ ಕೈಲಿ ಆಗೋ ಕೆಲಸ ಅಲ್ಲ ಇದು.”

ಅಳಿಯ ಜೇಬಿನಿಂದ ಫೋನ್ ತೆಗೆದ. ಬಾಡಿಗೆ ಗಾಡಿಯವನ ನಂಬರು ಅದರಲ್ಲಿತ್ತು, ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮಗಳು ಬಟ್ಟೆ ಒಗೆಯುವ ಟಬ್ಬು ತಂದು, ಯಾರ ಮುಖವನ್ನೂ ನೋಡದೆ ಸುರಿಯುವ ಆಯಿಲಿನ ಕೆಳಗೆ ತಳ್ಳಿ, ಅಲ್ಲೇ ಕುಕ್ಕರುಗಾಲಲ್ಲಿ ಕೂತು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಒಂದು ಮಾತೂ ಆಡಲಿಲ್ಲ. ಅಳಿಯ ಅವಳ ನೆತ್ತಿಯನ್ನು ನೋಡಿದ. ಆಮೇಲೆ ಫೋನನ್ನು ಜೇಬಿಗೆ ಹಾಕಿದ.

“ನಾಳೆ ನನಗೆ ಐದರ ತನಕ ಡ್ಯೂಟಿ ಇದೆ. ಅದು ಮುಗಿಸಿ ಬರ್ತೀನಿ,” ಅಂದ, ಮಾವನಿಗಲ್ಲ, ಅವಳಿಗೆ.